ಅವರೆಕಾಳಿನ ಜಾಗದಲ್ಲಿ ಸೀಲ್ ಮರಿ

ಭಾನುವಾರ, 9 ಫೆಬ್ರವರಿ 2025. ರಾಲಿ

ಲಿಂಗಪೂಜೆ ಮುಗಿಯಿತು. ಉಪ್ಪಿಟ್ಟು ಮುಗಿಯಿತು. ಡಾಕ್ಟರು ಪೇಪರ್ ಹಿಡಿದು ಕೂತಿದ್ದಾರೆ — ಇನ್ನು ಊಟಕ್ಕೆ ಕರೆಯುವವರೆಗೆ ಏಳುವುದಿಲ್ಲ. ಹಳೆಯ ಡೈರಿ ನಿನ್ನೆಗೆ ತುಂಬಿತು. ಹೊಸದರಲ್ಲಿ ಮೊದಲು ಹೆಸರು ಬರೆಯುವುದು ನನ್ನ ಪದ್ಧತಿ.

ನಾನು ಶಿವಬಸಮ್ಮ. ತಿಪಟೂರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್. ಮುಂದೆ ಓದಿಸಲಿಲ್ಲ. ಓದಿಸಿದ್ದರೆ ಏನಾಗುತ್ತಿದ್ದೆ ಎಂದು ಯೋಚಿಸುತ್ತ ಕೂರುವ ಅಭ್ಯಾಸ ಇಲ್ಲ. 1973ರಲ್ಲಿ ಮಕ್ಕಳ ಡಾಕ್ಟರ ಹೆಂಡತಿಯಾಗಿ ಈ ದೇಶಕ್ಕೆ ಬಂದೆ. ಈ ಊರಿನಲ್ಲಿ ಲಿಂಗಾಯತರ ಮನೆ ಒಂದೇ ಇದ್ದಾಗ ಅದು ನಮ್ಮದು. ಈಗ ನಲವತ್ತು ಮನೆ. ಶಿವರಾತ್ರಿಯ ದಾಸೋಹ ಇಂದಿಗೂ ನಮ್ಮಲ್ಲೇ. ಹಾಲ್ ಇದೆ, ಕೇಟರಿಂಗ್ ಇದೆ, ಆದರೂ ನಮ್ಮಲ್ಲೇ. ನಾನು ‘ಶರಣು, ಊಟ ಮಾಡಿ’ ಎನ್ನುವವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲ.

ಈ ಮನೆಯೊಳಗೆ ಮಾಂಸ ಬಂದಿಲ್ಲ. ಮೊಟ್ಟೆ ಬಂದಿಲ್ಲ. ಅಳಿಯನಿಗೆ ಚಿಕನ್ ಬೇಕೆನಿಸಿದರೆ ಡ್ರೈವ್‌ವೇಯಲ್ಲಿ, ಕಾರಿನೊಳಗೆ, ಕಿಟಕಿ ಏರಿಸಿಕೊಂಡು ತಿನ್ನಬೇಕು. ಪಾಪ, ಹಾಗೇ ತಿನ್ನುತ್ತಾನೆ.

ಈ ಸಲ ಶಿವರಾತ್ರಿ 26, ಬುಧವಾರ. ಈ ದೇಶದಲ್ಲಿ ಶಿವನೂ ವೀಕೆಂಡ್‌ಗೆ ಕಾಯಬೇಕು. ದಾಸೋಹ ಮಾರ್ಚ್ ಒಂದು, ಶನಿವಾರ.

ಬುಧವಾರ, 12 ಫೆಬ್ರವರಿ

ನೆನೆಸಿದ ಅವರೆಕಾಳು ಹಿಸುಕಿ ಹಿಸುಕಿ ಬೆರಳು ಸುಕ್ಕಾದವು. ಕಾತ್ಯಾಯಿನಿ ಬಂದು ಕೂತಿದ್ದಳು. ಮೂವತ್ತು ವರ್ಷದಿಂದ ನನ್ನ ದಾಸೋಹದ ಬಲಗೈ. ಬಾಯಿ ಮಾತ್ರ ಕೈಗಿಂತ ಚುರುಕು. ಸಿಪ್ಪೆ ತೆಗೆದ ಕಾಳು ಚೀಲಕ್ಕೆ ಕಟ್ಟಿ ಗ್ಯಾರೇಜಿನ ಫ್ರೀಜರ್‌ಗೆ. ಶವಪೆಟ್ಟಿಗೆಯ ಹಾಗೆ ಉದ್ದಕ್ಕೆ ಇದೆ, ದಾಸೋಹಕ್ಕೆಂದೇ ತೆಗೆದುಕೊಂಡದ್ದು. ಡಾಕ್ಟರದು ಪ್ರತಿ ವರ್ಷ ಒಂದೇ ಜೋಕು — ‘ಕೊನೆಗೆ ನನ್ನನ್ನೂ ಇದರಲ್ಲೇ ಮಲಗಿಸು.’

‘ನಮ್ಮವರನ್ನ ಕೂರಿಸಿ ಹೂಳೋದು. ಮಲಗಿಸಿದರೆ ಕಾತ್ಯಾಯಿನಿ ಒಪ್ಪಲ್ಲ’ ಎಂದೆ.

ಸಂಜೆ ತನ್ವಿಯ ಫೋನ್. ಸಪ್ನಾಳ ಮಗಳು, ನನ್ನ ಮೊಮ್ಮಗಳು. ಅಪ್ಪ ಅಮ್ಮ ಅಟ್ಲಾಂಟಾದಲ್ಲಿ. ಇವಳು ಇಲ್ಲಿನ ಕರಾವಳಿಯ ಲ್ಯಾಬೊಂದರಲ್ಲಿ ಪಿಎಚ್‌ಡಿ. ಸೀಲ್ ಅಂದರೆ ನಾಯಿಮುಖದ ಕಡಲ ಪ್ರಾಣಿ. ಸತ್ತು ದಡಕ್ಕೆ ಬಿದ್ದ ಅದರ ಮರಿಗಳನ್ನು ಅಳೆಯುವುದು ಇವಳ ಓದು. ಕೆಲವು ಮರಿಗಳು ದವಡೆ ಸೊಟ್ಟ, ಅಂಗುಳ ಸೀಳು, ಹೀಗೆ ಹುಟ್ಟುತ್ತಿವೆಯಂತೆ. ಸಮುದ್ರ ಸೇರಿದ ವಿಷದಿಂದ ಇರಬಹುದೇ ಎಂದು ನೋಡುತ್ತಾಳೆ. ಇವತ್ತು ಅಂಥದೇ ಒಂದು ಸಿಕ್ಕಿದೆ. ದಡದಲ್ಲಿ ಇನ್ನೂ ಉಸಿರಿತ್ತು, ರೆಸ್ಕ್ಯೂನವರು ಬರುವಷ್ಟರಲ್ಲಿ ಹೋಯಿತು. ‘ಅಜ್ಜಿ, ಇಷ್ಟು ಫ್ರೆಶ್ ಆಗಿ, ಕಂಪ್ಲೀಟ್ ಆಗಿ ಯಾವತ್ತೂ ಸಿಕ್ಕಿರಲಿಲ್ಲ’ ಎಂದಳು. ಸಂತೋಷವೂ ಇತ್ತು ದನಿಯಲ್ಲಿ, ಸಂತೋಷಪಡುವುದಕ್ಕೆ ನಾಚಿಕೆಯೂ ಇತ್ತು. ಎರಡೂ ಇರಬೇಕಾದದ್ದೇ.

ಬುಧವಾರ, 19 ಫೆಬ್ರವರಿ. ಸಂಜೆ

ಮಧ್ಯಾಹ್ನದಿಂದ ಹಿಮ. ಅಂಗಡಿಗಳಲ್ಲಿ ಹಾಲು, ಬ್ರೆಡ್ ಖಾಲಿ — ಈ ಊರಿನವರಿಗೆ ಎರಡಿಂಚು ಬಿದ್ದರೆ ಜಲಪ್ರಳಯ. ತನ್ವಿಯ ಕಾರು ಬಂತು. ವಾಷಿಂಗ್ಟನ್‌ಗೆ ಹೊರಟವಳು. ಲ್ಯಾಬಿನ ಫ್ರೀಜರ್ ಕೆಟ್ಟಿದೆಯಂತೆ. ಮರಿಯನ್ನು ಅಲ್ಲಿನ ಮ್ಯೂಸಿಯಮ್ಮಿನವರಿಗೆ ತಲುಪಿಸಿ ಸ್ಕ್ಯಾನ್ ಮಾಡಿಸಬೇಕಿತ್ತು. ದಾರಿಯಲ್ಲಿ ಟ್ರಕ್ ಅಡ್ಡಬಿದ್ದು ಹೈವೇ ಬಂದ್. ಮ್ಯೂಸಿಯಮ್ಮಿನವರೂ ಫೋನ್ ಮಾಡಿ, ಹಿಮ, ಬರಬೇಡ, ಮಾರ್ಚ್ ಮೂರಕ್ಕೆ ಬಾ ಎಂದರಂತೆ.

ಮೊದಲು ಸ್ನಾನಕ್ಕೆ ಕಳಿಸಿದೆ. ಅನ್ನ ಸಾರು ಬಡಿಸಿದೆ. ಎರಡನೆಯ ಸಲ ಅನ್ನ ಹಾಕುವಾಗ ಬಾಯಿ ಬಿಟ್ಟಳು.

‘ಅಜ್ಜಿ, ನಿಮ್ಮ ಬಿಗ್ ಫ್ರೀಜರ್ ಬೇಕಿತ್ತು.’

‘ಏನಿಡೋಕೆ?’

‘ಪೇಷಂಟ್’ ಎಂದರು ಡಾಕ್ಟರು, ತಟ್ಟೆಯಿಂದ ಕಣ್ಣೆತ್ತದೆ. ತಾತ ಮೊಮ್ಮಗಳು ಮೊದಲೇ ಮಾತಾಡಿಕೊಂಡಿದ್ದಾರೆ.

ಆಗುವುದಿಲ್ಲ ಎಂದೆ. ದಾಸೋಹದ ಅಡುಗೆಯ ಸಾಮಾನಿರುವ ಜಾಗ.

‘ಗ್ಯಾರೇಜಿಗೆ ಹೊಸ್ತಿಲೇ ಇಲ್ಲ ಕಣೆ. ಮನೆ ಅಂತ ಲೆಕ್ಕಕ್ಕೆ ಬರಲ್ಲ’ ಎಂದರು ಡಾಕ್ಟರು.

‘ಗ್ಯಾರೇಜೂ ನನ್ನ ಮನೇನೇ. ಹೊಸ್ತಿಲು ಹುಡುಕೋದು ಕಳ್ಳರ ಕೆಲಸ.’

ತನ್ವಿ ವಾದ ಮಾಡಲಿಲ್ಲ. ‘ಓಕೆ ಅಜ್ಜಿ. ನಿಮ್ಮ ಮನೆ, ನಿಮ್ಮ ರೂಲ್’ ಎಂದು ತಟ್ಟೆ ತೊಳೆದಿಟ್ಟಳು. ವಾದ ಮಾಡಿದ್ದರೆ ಗೆದ್ದು ಸುಮ್ಮನಾಗುತ್ತಿದ್ದೆ.

ಗುರುವಾರ, 20 ಫೆಬ್ರವರಿ

ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಹುಡುಗಿ ಹಿತ್ತಲಲ್ಲಿ. ಮನೆಯ ನೆರಳು ಬೀಳುವ ಕಡೆ ಮರಿ ಇರುವ ಉದ್ದದ ಐಸ್ ಪೆಟ್ಟಿಗೆ ಇಟ್ಟು, ಸುತ್ತ ಹಿಮ ಒಟ್ಟುತ್ತಿದ್ದಾಳೆ. ಗ್ಲೌಸ್ ನೆನೆದಿವೆ. ನಾಳಿದ್ದಿನಿಂದ ಬಿಸಿಲು ಎಂದು ಟೀವಿಯಲ್ಲಿ ಹೇಳುತ್ತಿದ್ದಾರೆ.

ಕಾಫಿ ತೆಗೆದುಕೊಂಡು ಹೋದೆ. ತೆಗೆ, ನೋಡುತ್ತೇನೆ ಎಂದೆ.

‘ಅಜ್ಜಿ, ಬೇಡ. ನಿಮಗೆ ಅಪ್ಸೆಟ್ ಆಗತ್ತೆ.’

‘ನನಗೆ ಏನಾಗುತ್ತೆ ಅಂತ ನಾನು ಹೇಳ್ತೀನಿ. ತೆಗಿ.’

ಮೂರೂವರೆ ಅಡಿ ಇರಬಹುದು. ಬೂದು ಬಣ್ಣ, ಮೈಮೇಲೆ ಒದ್ದೆ ರೇಷ್ಮೆಯಂಥ ಕೂದಲು. ಕಣ್ಣು ಅರ್ಧ ತೆರೆದಿದೆ. ಕೆಳದವಡೆ ಎಡಕ್ಕೆ ತಿರುಚಿದೆ — ಬಾಯಿ ಮುಚ್ಚಲು ಬರುವಂತೆಯೇ ಇಲ್ಲ. ಹಿಂದಿನ ಒಂದು ಈಜುಗಾಲಿನಲ್ಲಿ ಬೆರಳುಗಳು ಅಂಟಿಕೊಂಡಿವೆ. ಪಕ್ಕೆಲುಬು ಎಣಿಸಬಹುದು.

‘ಯಾವ ರೋಗದಿಂದ ಹೋಯ್ತು?’

‘ರೋಗ ಅಲ್ಲ. ಹಸಿವು. ಅಮ್ಮನ ಹಾಲು ನಿಂತ ಮೇಲೆ ಮೀನು ಹಿಡೀಬೇಕು. ಈ ಬಾಯಲ್ಲಿ ಹಿಡಿಯೋಕೆ ಆಗಲ್ಲ.’

ಯಾಕೆ ಹೀಗಾಯಿತು ಎಂದು ಕೇಳಿದೆ. ಅವಳ ಇಂಗ್ಲಿಷು ಕನ್ನಡದಿಂದ ನನಗೆ ಅರ್ಥವಾದದ್ದು ಇಷ್ಟು. ಹಿಂದೆ ಕರೆಂಟಿನ ಟ್ರಾನ್ಸ್‌ಫಾರ್ಮರ್‌ಗಳಿಗೆ ಒಂದು ಎಣ್ಣೆ ಹಾಕುತ್ತಿದ್ದರು. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ನಿಷೇಧವಾಯಿತು. ಆದರೆ ಸಮುದ್ರದಿಂದ ಹೋಗಿಲ್ಲ. ಮೀನಿಗೆ ಸೇರಿ, ಮೀನು ತಿಂದ ಸೀಲ್‌ನ ಕೊಬ್ಬಿಗೆ ಸೇರಿ, ಕೊಬ್ಬಿನಿಂದ ಹಾಲಿಗೆ ಬರುತ್ತದೆ. ಚೊಚ್ಚಲ ಮರಿಗೆ ಎಲ್ಲಕ್ಕಿಂತ ಹೆಚ್ಚು. ಹೊಟ್ಟೆಯಲ್ಲಿದ್ದಾಗಲೂ ಸ್ವಲ್ಪ ಸೇರುತ್ತದೆ. ಅದರಿಂದಲೇ ದವಡೆ ಹೀಗಾಯಿತೇ? ಇರಬಹುದು. ಇಲ್ಲದೆಯೂ ಇರಬಹುದು.

‘ಗೊತ್ತಿಲ್ಲದ್ದಕ್ಕೆ ಇಷ್ಟು ಒದ್ದಾಟವೇ?’

‘ಗೊತ್ತಿಲ್ಲ ಅಂತಾನೇ ಅಜ್ಜಿ.’

‘ತಾಯಿ ಏನು ಮಾಡಿತ್ತು?’

‘ಏನೂ ಇಲ್ಲ. ಮೀನು ತಿಂದ್ಲು. ಸೀಲ್ ಅಲ್ವಾ.’

ಡಾಕ್ಟರು ಮಫ್ಲರ್ ಸುತ್ತಿಕೊಂಡು ಹಿಂದೆ ಬಂದು ನಿಂತಿದ್ದರು. ‘ನಲವತ್ತು ವರ್ಷ ತಾಯಂದಿರು ನನ್ನನ್ನ ಕೇಳಿದ್ದೂ ಅದೇ. ನಾನೇನು ತಪ್ಪು ಮಾಡಿದೆ ಡಾಕ್ಟರೇ ಅಂತ. ನೀವೇನೂ ಮಾಡಿಲ್ಲ ಅಂತಿದ್ದೆ. ಮತ್ತೆ ಯಾಕೆ ಅಂದರೆ ಮುಂದಿನ ಪೇಷಂಟ್‌ನ ಕರೀತಿದ್ದೆ.’

ನನ್ನ ದೊಡ್ಡಕ್ಕನ ಮಗುವಿಗೆ ಸೀಳುತುಟಿ ಇತ್ತು. ಗ್ರಹಣದ ದಿನ ಬದನೆಕಾಯಿ ಹೆಚ್ಚಿದಳು, ಅದಕ್ಕೇ ಎಂದರು ಅತ್ತೆಮನೆಯವರು. ಅವಳು ಬಸುರಿಯಾಗಿದ್ದಾಗ ನಮ್ಮ ಕಡೆ ಗ್ರಹಣವೇ ಕಂಡಿರಲಿಲ್ಲ. ನಮ್ಮಪ್ಪ ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೋಗಿ ತೋರಿಸಿದರು. ಪಂಚಾಂಗ ಯಾರೂ ಬಿಡಿಸಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಅಕ್ಕ ಸಾಯುವವರೆಗೂ ಆ ಇಲ್ಲದ ಗ್ರಹಣ ಅವಳ ತಲೆಯ ಮೇಲೇ ಇತ್ತು.

ತಾಯಿಯ ಮೇಲೆ ಹಾಕುವುದು ಸುಲಭ. ಖರ್ಚಿಲ್ಲ.

ಮಾಂಸ ಎನ್ನುವುದು ತಿನ್ನುವವರ ಮಾತು. ನಾವು ತಿನ್ನುವವರಲ್ಲ. ನಮಗೆ ಅದು ಹಸಿದು ಸತ್ತ ಕೂಸು. ಕೂಸಿನ ಹೆಣ ಬಾಗಿಲಿಗೆ ಬಂದರೆ ಒಳಗೆ ಜಾಗ ಕೊಡಬೇಡಿ ಎಂದು ಯಾವ ಶರಣರೂ ಹೇಳಿಲ್ಲ.

ಗ್ಯಾರೇಜಿಗೆ ಹೋಗಿ ಫ್ರೀಜರ್ ಖಾಲಿ ಮಾಡಿದೆ. ಅವರೆಕಾಳು, ಕರಿಬೇವು, ತೆಂಗಿನ ತುರಿ — ಹಿಡಿಸಿದಷ್ಟು ಒಳಗಿನ ಫ್ರಿಜ್ಜಿಗೆ, ಉಳಿದದ್ದು ಒಲೆಗೆ. ಎರಡು ಮಾತು ಹೇಳಿದೆ. ಅದು ಇರುವವರೆಗೆ ತಿನ್ನುವ ಪದಾರ್ಥ ಅದರ ಪಕ್ಕ ಇಡುವುದಿಲ್ಲ. ಮತ್ತೆ, ಕಸದ ಚೀಲದಂಥದ್ದರಲ್ಲಿ ಬರಿದೇ ಇಡುವ ಹಾಗಿಲ್ಲ, ಬಿಳಿ ಬಟ್ಟೆ ಸುತ್ತಬೇಕು.

‘ಬಟ್ಟೆಯಿಂದ ಸ್ಯಾಂಪಲ್ ಕೆಡತ್ತೆ ಅಜ್ಜಿ.’

‘ಹಾಗಾದರೆ ಚೀಲದ ಮೇಲೆ ಸುತ್ತು.’

ತಮ್ಮ ಹಳೆಯ ಪಂಚೆಯನ್ನೇ ಕೊಡು ಎಂದರು ಡಾಕ್ಟರು. ಕೊಟ್ಟೆ. ವಿಭೂತಿ ಹಚ್ಚಲಿಲ್ಲ. ಮರಿಯೇನೂ ಕೇಳಿಲ್ಲ.

ತನ್ವಿ ಪರ್ಮಿಟ್ ಕಾಗದ ಮುಚ್ಚಳಕ್ಕೆ ಅಂಟಿಸಿ, ನನ್ನ ಹೆಗಲಿಗೆ ತಲೆಯಿಟ್ಟಳು. ಕೂದಲಲ್ಲಿ ಮೀನಿನ ವಾಸನೆ. ಸ್ನಾನ ಮಾಡು ಹೋಗು ಎಂದೆ.

ಶನಿವಾರ, 22 ಫೆಬ್ರವರಿ

ಮೂರು ದಿನದಿಂದ ಅವರೆಕಾಳು. ಸಾರು, ಉಪ್ಪಿಟ್ಟು, ರೊಟ್ಟಿ, ಎಲ್ಲಕ್ಕೂ. ಡಾಕ್ಟರಿಗೆ ಹಬ್ಬ. ‘ಈ ಮರಿಗೆ ಸದ್ಗತಿ ಸಿಗಲಿ’ ಎನ್ನುತ್ತಾರೆ ತುತ್ತಿಗೊಮ್ಮೆ.

ಹನ್ನೊಂದಕ್ಕೆ ಕಾತ್ಯಾಯಿನಿ ಬಂದಳು, ತನ್ನ ಪಾಲಿನ ತೆಂಗಿನ ತುರಿಯ ಡಬ್ಬ ಹಿಡಿದು. ನಾನು ಮೇಲಿದ್ದೆ. ಗ್ಯಾರೇಜಿನ ಕೋಡ್ ಅವಳಿಗೆ ಗೊತ್ತು, ಸೀದಾ ಹೋಗಿ ಫ್ರೀಜರ್ ತೆಗೆದಿದ್ದಾಳೆ. ಕೂಗಲಿಲ್ಲ. ನಾನು ಇಳಿದು ಬಂದಾಗ ಡಬ್ಬ ಎದೆಗವಚಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು.

‘ಅಕ್ಕಾ… ಡಾಕ್ಟರು ಮನೇಲಿದಾರಲ್ವಾ?’

‘ವಾಕಿಂಗ್ ಹೋಗಿದಾರೆ. ಯಾಕೆ?’

‘ಅವರ ಪಂಚೆ ನೋಡಿದೆ. ಸುತ್ತಿದ್ದು. ಉದ್ದ ಸ್ವಲ್ಪ ಕಡಿಮೆ ಅನ್ನಿಸ್ತು, ಅದಕ್ಕೇ ಧೈರ್ಯ ಮಾಡಿ ಕೇಳ್ತಿದೀನಿ.’

ನಕ್ಕುಬಿಟ್ಟೆ. ವಿಷಯ ಹೇಳಿದೆ. ಅವಳು ನಗಲಿಲ್ಲ. ಸೀಲ್ ಎಂದು ತಿಳಿದ ಮೇಲೆ ಹೆಚ್ಚು ಗಾಬರಿಯಾದಳು. ಡಾಕ್ಟರಾಗಿದ್ದರೆ ಪರವಾಗಿರಲಿಲ್ಲವೇನೋ.

‘ದಾಸೋಹದ ಮನೇಲಿ ಪ್ರಾಣಿ ಹೆಣ. ಜನ ಊಟ ಮಾಡ್ತಾರಾ ಅಕ್ಕಾ?’

‘ಮೂರನೇ ತಾರೀಖು ಹೋಗುತ್ತೆ.’

‘ಊಟ ಒಂದನೇ ತಾರೀಖು.’ ಡಬ್ಬದ ಸಮೇತ ಎದ್ದು — ‘ಹೇಳ್ಬೇಡಿ. ನಾನಂತೂ ಬಾಯಿ ಬಿಡಲ್ಲ. ನನ್ನಾಣೆ.’

ಸಂಜೆಯೊಳಗೆ ನನಗೆ ನಾಲ್ಕು ಫೋನ್ ಬಂದವು. ಎಲ್ಲರೂ ಆರೋಗ್ಯ ವಿಚಾರಿಸಿದರು.

ಭಾನುವಾರ, 23 ಫೆಬ್ರವರಿ

ಗೋಪಿನಾಥ ಫೋನ್ ಮಾಡಿದ. ನಮ್ಮ ಬಳಗದ ಸೆಕ್ರೆಟರಿ. ಒಳ್ಳೆಯವನು, ಯಾರನ್ನೂ ನೋಯಿಸಲಾರ — ಅದೇ ಅವನ ತೊಂದರೆ.

‘ಶರಣು ಅಮ್ಮಾ. ಈ ಸಲ ಹಾಲ್‌ನಲ್ಲಿ ಇಟ್ಕೊಳ್ಳೋಣ್ವಾ ಅಂತ. ನಿಮಗೂ ವಯಸ್ಸಾಯ್ತು, ಶ್ರಮ.’

‘ನನ್ನ ವಯಸ್ಸು ಹೋದ ವಾರ ಯಾರಿಗೂ ನೆನಪಿರಲಿಲ್ಲ.’

‘ಹಾಗಲ್ಲಮ್ಮಾ… ಕೆಲವರಿಗೆ ಮನಸ್ಸಿಗೆ ಹಿಡಿಸ್ತಿಲ್ಲ. ಅದು ಹೋಯ್ತು ಅಂತ ನೀವು ಒಂದು ಮಾತು ಹೇಳಿ, ಸಾಕು. ನಾನು ಗ್ರೂಪ್‌ನಲ್ಲಿ ಹಾಕ್ತೀನಿ. ನಿಮ್ಮ ಮಾತನ್ನ ಯಾರೂ ಡೌಟ್ ಮಾಡಲ್ಲ.’

‘ಹೋಗಿಲ್ಲವಲ್ಲಪ್ಪ.’

‘ಹೋದ ಹಾಗೇ ಅಲ್ವಾ ಅಮ್ಮಾ, ಎರಡು ದಿನ ಹೆಚ್ಚು ಕಡಿಮೆ.’

ಯೋಚಿಸಿ ಹೇಳುತ್ತೇನೆ ಎಂದೆ. ನಾನು ಹೀಗೆ ಎಂದದ್ದು ಕಡಿಮೆ. ಅಷ್ಟು ವರ್ಷದ ದಾಸೋಹ. ಹಾಲ್‌ಗೆ ಹೋದರೆ ಮತ್ತೆ ಮನೆಗೆ ಬರುವುದಿಲ್ಲ, ಅದು ನನಗೂ ಗೊತ್ತು, ಗೋಪಿನಾಥನಿಗೂ ಗೊತ್ತು.

ಅಟ್ಲಾಂಟಾದಿಂದ ಸಪ್ನಾ ಫೋನ್. ‘ಅಮ್ಮಾ, ತನ್ವಿಗೆ ನಾನು ಹೇಳ್ತೀನಿ. ಬೇರೆ ಕಡೆ ನೋಡ್ಕೊಳ್ಲಿ. ನಿಮ್ಮ ಹೆಸರಿನ ಪ್ರಶ್ನೆ.’

ಹೆಸರು ನನ್ನದು, ನಾನು ನೋಡಿಕೊಳ್ಳುತ್ತೇನೆ ಎಂದೆ.

ಬುಧವಾರ, 26 ಫೆಬ್ರವರಿ. ಶಿವರಾತ್ರಿ

ಉಪವಾಸ. ತನ್ವಿಯೂ ಮಾಡುತ್ತೇನೆಂದಳು. ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಆಮೇಲೆ ಗೊತ್ತಿಲ್ಲದ ಹಾಗೆ ಒಂದು ಗ್ರನೋಲಾ ಬಾರ್. ನೋಡಲಿಲ್ಲ ನಾನು.

ಪೂಜೆಯಾದ ಮೇಲೆ ಬಂದು ಪಕ್ಕದಲ್ಲಿ ಕೂತಳು. ಗೋಪಿನಾಥನ ಫೋನಿನ ವಿಷಯ ಯಾರೋ ಹೇಳಿದ್ದಾರೆ. ಬಹುಶಃ ಅವಳಮ್ಮ.

‘ಅಜ್ಜಿ, ಇಲ್ಲಿನ ಯೂನಿವರ್ಸಿಟಿಯವರು ನಾಳೆ ತಗೊಳ್ತಾರೆ. ಅವರ ಫ್ರೀಜರ್ ಚಿಕ್ಕದು. ಹೆಡ್ ಬೇರೆ, ಬಾಡಿ ಬೇರೆ ಮಾಡಿದ್ರೆ ಹಿಡಿಸತ್ತೆ.’

‘ಹಾಗೆ ಮಾಡಿದರೆ ನಿನಗೆ ಸಿಗೋದೇನು?’

‘ಕೊಬ್ಬಿನ ಟೆಸ್ಟ್ ಮಾಡಬಹುದು. ಅರ್ಧ ಸಿಗತ್ತೆ.’

‘ಇನ್ನರ್ಧ?’

ಕೈಯಲ್ಲಿ ತನ್ನ ದವಡೆ ಹಿಡಿದು ತೋರಿಸಿದಳು. ಈ ಸೊಟ್ಟ ಹುಟ್ಟಿನಿಂದಲೇ ಬಂದದ್ದೋ, ಆಮೇಲೆ ಬಂಡೆಗೋ ದೋಣಿಗೋ ಬಡಿದು ಆದದ್ದೋ — ತಲೆ, ಕತ್ತು, ಬೆನ್ನೆಲುಬು ಕೂಡಿದ್ದು ಸ್ಕ್ಯಾನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಕತ್ತಿನಲ್ಲಿ ಕತ್ತರಿಸಿದರೆ ಅಲ್ಲೇ ಅನುಮಾನ ಉಳಿಯುತ್ತದೆ. ಬಡಿದುಕೊಂಡಿರಬೇಕು ಎಂದು ಯಾರು ಬೇಕಾದರೂ ಹೇಳಬಹುದು.

‘ಇಟ್ಸ್ ಓಕೆ ಅಜ್ಜಿ. ರಿಯಲಿ. ನಿಮಗೆ ಈ ಊಟ ಎಷ್ಟು ಇಂಪಾರ್ಟೆಂಟ್ ಅಂತ ನಂಗೆ ಗೊತ್ತು.’

‘ನಿನಗೆ ಗೊತ್ತಿಲ್ಲ’ ಎಂದೆ. ‘ಚಾಕು ಮುಟ್ಟಬೇಡ.’

ಇಷ್ಟು ಹೇಳಿದ ಮೇಲೆ ಹಸಿವು ಕಾಣಲಿಲ್ಲ. ಮನಸ್ಸು ಹಗುರ. ಡಾಕ್ಟರು ಜಾಗರಣೆಗೆಂದು ಸೋಫಾದಲ್ಲಿ ಕೂತು ಆರಕ್ಕೇ ಗೊರಕೆ.

ಶುಕ್ರವಾರ, 28 ಫೆಬ್ರವರಿ. ಸಂಜೆ

ನಿನ್ನೆ ಬರೆಯಲಾಗಲಿಲ್ಲ. ನಿನ್ನೆಯೂ ಇವತ್ತೂ ಫೋನ್ ಹಿಡಿದೇ ಕಳೆಯಿತು.

ವಾಟ್ಸಾಪ್‌ನಲ್ಲಿ ಹಾಕಿಬಿಡು ಎಂದರು ಡಾಕ್ಟರು. ಊಟಕ್ಕೆ ಬಾಯಲ್ಲಿ ಕರೆಯಬೇಕು. ಒಂದೊಂದೇ ಮನೆ. ಎಲ್ಲರಿಗೂ ಒಂದೇ ಮಾತು, ಒಂದಕ್ಷರ ಬದಲಿಸಲಿಲ್ಲ: ‘ನಾನು ಶಿವಬಸಮ್ಮ. ನಾಡಿದ್ದು ನಮ್ಮಲ್ಲಿ ದಾಸೋಹ’ — ಇವತ್ತು ಮಾಡಿದವರಿಗೆ ‘ನಾಳೆ’ ಎಂದೆ, ಅಷ್ಟು ಬದಲಿಸಿದೆ — ‘ಗ್ಯಾರೇಜಿನ ಫ್ರೀಜರ್‌ನಲ್ಲಿ ಸತ್ತ ಸೀಲ್ ಮರಿ ಇದೆ. ನನ್ನ ಮೊಮ್ಮಗಳ ಓದಿಗೆ ಬೇಕು. ಸೋಮವಾರದವರೆಗೆ ಇರುತ್ತೆ. ಅಡುಗೆಯ ಯಾವ ಸಾಮಾನೂ ಅದರಲ್ಲಿಲ್ಲ. ತಿಳಿದು ಬನ್ನಿ.’

ಕೆಲವರು ಬೇಗ ಫೋನ್ ಇಟ್ಟರು. ಕೆಲವರು ‘ನೋಡ್ತೀವಿ ಅಮ್ಮಾ’ ಎಂದರು. ಮಜ್ಜಿಗೆ ನಾನು ತರುತ್ತೇನೆ ಎಂದು ಹೋದ ವಾರ ಹಟ ಮಾಡಿದ್ದವಳಿಗೆ ಈಗ ಚಾರ್ಲಟ್‌ನಲ್ಲಿ ಮದುವೆ ಬಂದಿದೆ. ಯಾರ ಮದುವೆ ಎಂದು ಕೇಳಲಿಲ್ಲ, ಪಾಪ, ಹುಡುಕಬೇಕಾಗುತ್ತಿತ್ತು. ಮಯೂರ್ ಎಂಬ ಹೊಸ ಹುಡುಗ, ಬಂದು ಆರು ತಿಂಗಳಾಗಿಲ್ಲ, ‘ಆಂಟಿ, ಮಕ್ಕಳಿಗೆ ತೋರಿಸಬಹುದಾ?’ ಎಂದ. ಮೊದಲು ಊಟ, ಆಮೇಲೆ ತನ್ವಿಯನ್ನು ಕೇಳು ಎಂದೆ.

ಕಾತ್ಯಾಯಿನಿಗೆ ನಾನು ಮಾಡುವ ಮೊದಲೇ ಅವಳೇ ಮಾಡಿದಳು.

‘ಹೋಳಿಗೆ ತಟ್ಟೋಕೆ ಎಷ್ಟು ಹೊತ್ತಿಗೆ ಬರ್ಲಿ?’

‘ಬರ್ತೀಯಾ?’

‘ಬರದೆ? ನಾನಿಲ್ಲದೆ ನಿಮ್ಮ ಹೋಳಿಗೆ ದಪ್ಪ ಆಗುತ್ತೆ. ತೆಂಗಿನ ತುರಿ ನಮ್ಮ ಫ್ರೀಜರ್‌ನಲ್ಲೇ ಇದೆ ಅಕ್ಕಾ. ಪಕ್ಕದಲ್ಲಿ ಮಗನ ಚಿಕನ್ ಇತ್ತು, ಅದನ್ನ ಬೇರೆ ಶೆಲ್ಫ್‌ಗೆ ಹಾಕಿಸಿದೀನಿ.’

ಇಷ್ಟು ವರ್ಷ ಆ ಫ್ರೀಜರ್‌ನಿಂದ ಎಷ್ಟು ತುರಿ ಬಂದಿದೆಯೋ.

‘ಹೊಸ ಕಾಯಿ ಒಡೆಯೋಣ’ ಎಂದೆ. ‘ಏಳಕ್ಕೆ ಬಾ.’

ಕೊನೆಗೆ ಗೋಪಿನಾಥ. ‘ಅಮ್ಮಾ, ಒಂದೇ ಒಂದು ಮಾತಲ್ಲಿ ಮುಗೀತಿತ್ತು. ನೀವೇ ಊರಿಗೆಲ್ಲ ಹೇಳಿದ್ರಿ.’

‘ನನ್ನ ಮನೇಲಿರೋದನ್ನ ಬೇರೆಯವರ ಬಾಯಿಂದ ಕೇಳಿ ಬಂದು ಉಣ್ಣೋದು ಬೇಡ ಅಂತ. ನೀನು ಹಾಲ್‌ನಲ್ಲೂ ಮಾಡಿಸಪ್ಪ. ಎರಡು ಕಡೆ ಊಟ ಇದ್ದರೆ ಹಸಿದವರಿಗೆ ಒಳ್ಳೇದೇ.’

‘ನಾನು ಎಲ್ಲಿ ಊಟ ಮಾಡ್ಲಿ ಅಮ್ಮಾ?’

‘ಅದನ್ನ ನಿನ್ನ ಹೊಟ್ಟೆ ಕೇಳು.’

ನಲವತ್ತೂ ಮನೆಗೆ ಆಯಿತು. ಗಂಟಲು ಕಟ್ಟಿದೆ. ಎಷ್ಟು ಜನ ಬರುತ್ತಾರೆ, ಗೊತ್ತಿಲ್ಲ. ತನ್ವಿ ಕೆಳಗೆ ಎಲೆ ಒರೆಸುತ್ತ, ಒಂದು ಹದಿನೈದು ಜನ ಬರಬಹುದಾ ಅಜ್ಜಿ ಎಂದಳು. ಹದಿನೈದಕ್ಕೆ ಅಡುಗೆ ಮಾಡುವುದು ನನಗೆ ಬರುವುದಿಲ್ಲ.

ಉಸುಲಿಗೆ ಕಡಲೆಕಾಳು ದೊಡ್ಡ ಹಂಡೆಗೆ ಸುರಿದೆ, ಪ್ರತಿ ವರ್ಷದಷ್ಟೇ. ಡಾಕ್ಟರು ಇಣುಕಿ ನೋಡಿ, ಇದು ಉಳಿದರೆ ಎಲ್ಲಿಡುತ್ತೀ, ಫ್ರೀಜರ್ ಬಿಟ್ಟುಕೊಟ್ಟಿದ್ದೀಯಲ್ಲ ಎಂದರು. ಉಳಿಯುವ ಮಾತು ಇವತ್ತು ಬೇಡ ಎಂದೆ. ಕಾಳಿಗೆ ನೀರು ಹೊಯ್ದದ್ದಾಯಿತು.